ಕೇಬಲ್‌ಗೆ ಕೈಹಾಕುವ ಮುನ್ನ: ಹಿಂದಿನ ಡ್ರಮ್ ಬ್ರೇಕುಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನಲ್ಲಿ ಬ್ರಿಟನ್ನಿನ ಹಳೆಯ ಕಾರು, 1967ರ ಎಂಜಿಬಿ ರೋಡ್‌ಸ್ಟರ್ ಇದೆ. ಕೆಲವು ತಿಂಗಳಿಂದ ಬ್ರೇಕ್ ಪೆಡಲ್ ಬಹಳ ಕೆಳಗಿಳಿದ ಮೇಲಷ್ಟೇ ಹಿಡಿಯುತ್ತಿತ್ತು. ಹ್ಯಾಂಡ್‌ಬ್ರೇಕನ್ನೂ ಕೊನೆಯವರೆಗೆ ಎಳೆಯಬೇಕಾಗಿತ್ತು. ಮೆಕ್ಯಾನಿಕ್ ಒಬ್ಬರು ಹ್ಯಾಂಡ್‌ಬ್ರೇಕ್ ಕೇಬಲನ್ನು ಬಿಗಿ ಮಾಡಿಕೊಟ್ಟರು. ಈಗ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆ, ಪೆಡಲೂ ತುಸು ಮೇಲೆ ಬಂದಿದೆ. ಆದರೆ ಅರ್ಧ ಗಂಟೆ ಓಡಿಸಿದರೆ ಹಿಂದಿನ ಎರಡೂ ಡ್ರಮ್‌ಗಳು ಮುಟ್ಟಲಾಗದಷ್ಟು ಬಿಸಿಯಾಗುತ್ತವೆ. ಶೂಗಳನ್ನು ಬದಲಿಸಬೇಕೆ?

ಉತ್ತರ: ಶೂಗಳ (ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರವನ್ನು ನಿಲ್ಲಿಸುವ ಬಾಗಿದ ತುಂಡುಗಳ) ವಿಚಾರ ಆಮೇಲೆ ನೋಡೋಣ, ಮೊದಲು ಆ ಕೇಬಲನ್ನು ಸಡಿಲಿಸಿ. ಈ ಅಂಕಣಕ್ಕೆ ಬರುವ ಬ್ರೇಕ್ ದೂರುಗಳಲ್ಲಿ ನಾನು ಅತಿ ಹೆಚ್ಚು ಸಲ ಓದಿರುವುದು ಇದನ್ನೇ. ಎಂಜಿಬಿಯ ಮುಂದಿನ ಡಿಸ್ಕ್ ಬ್ರೇಕುಗಳು ಪ್ಯಾಡ್ ಸವೆದಂತೆಲ್ಲ ತಾವೇ ಹೊಂದಿಕೊಳ್ಳುತ್ತವೆ. ಹಿಂದಿನ ಹತ್ತು ಇಂಚಿನ ಡ್ರಮ್‌ಗಳಿಗೆ ಆ ಅನುಕೂಲವಿಲ್ಲ. ಶೂಗಳ ಮೇಲಿನ ಉಜ್ಜುವ ಪದರವಾದ ಲೈನಿಂಗ್ ಸವೆದಷ್ಟೂ ಶೂಗೂ ಡ್ರಮ್‌ಗೂ ನಡುವಿನ ಅಂತರ ಬೆಳೆಯುತ್ತದೆ, ಆ ಅಂತರವನ್ನು ತುಂಬುವುದಕ್ಕೇ ಪೆಡಲಿನ ಅರ್ಧ ದಾರಿ ಖರ್ಚಾಗುತ್ತದೆ, ಹ್ಯಾಂಡ್‌ಬ್ರೇಕ್ ಕೂಡ ಅದೇ ಶೂಗಳನ್ನು ನೂಕಬೇಕಾದುದರಿಂದ ಅದರ ಎಳೆತವೂ ಉದ್ದವಾಗುತ್ತದೆ. ಅಂತರವನ್ನು ಕಡಿಮೆ ಮಾಡಲೆಂದೇ ಪ್ರತಿ ಚಕ್ರದಲ್ಲೂ ಶೂಗಳನ್ನು ಹೊತ್ತ ತಟ್ಟೆಯ, ಅಂದರೆ ಬ್ಯಾಕ್ ಪ್ಲೇಟಿನ, ಹಿಂಬದಿಯಲ್ಲಿ ಚೌಕ ತಲೆಯ ಒಂದು ಅಡ್ಜಸ್ಟರ್ ಇದೆ. ಅದನ್ನು ಬಿಟ್ಟು ಕೇಬಲನ್ನು ಬಿಗಿದಾಗ, ಡ್ರಮ್ಮಿನ ಒಳಗಿರುವ ಹ್ಯಾಂಡ್‌ಬ್ರೇಕ್ ಲಿವರ್ ಶೂಗಳನ್ನು ಸದಾಕಾಲ ಅಗಲಿಸಿಯೇ ಹಿಡಿದಿರುತ್ತದೆ. ಸ್ಪ್ರಿಂಗ್‌ಗಳು ಎಷ್ಟೇ ಎಳೆದರೂ ಶೂಗಳು ತಮ್ಮ ಜಾಗಕ್ಕೆ ಮರಳಲಾರವು. ನಿಮ್ಮ ಪೆಡಲ್ ಮೇಲೆ ಬಂದದ್ದು ಹೀಗೆ, ಡ್ರಮ್ ಕಾದದ್ದೂ ಹೀಗೆ.

ಕೆಲಸ ಆರಂಭಿಸುವ ಮುನ್ನ ಪೆಡಲಿನಿಂದಲೇ ಒಂದು ಪರೀಕ್ಷೆ ಮಾಡಬಹುದು. ಬೇಗಬೇಗನೆ ಎರಡು ಸಲ ಒತ್ತಿದಾಗ ಎರಡನೆಯ ಸಲ ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂಗಳು ದೂರವಿವೆ ಎಂದರ್ಥ. ಸ್ಪಂಜಿನಂತೆ ಮೆತ್ತಗೆ ಅನ್ನಿಸಿದರೆ ಪೈಪಿನಲ್ಲಿ ಗಾಳಿ ಸೇರಿದೆ. ಗಟ್ಟಿಯಾಗಿ ನಿಂತ ಪೆಡಲ್ ಕಾಲಿನ ಭಾರಕ್ಕೆ ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ ಅಥವಾ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ನೂಕುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿದೆ. ಅಂಥ ಕಾರನ್ನು ಅದು ಸರಿಯಾಗುವವರೆಗೆ ರಸ್ತೆಗಿಳಿಸಬಾರದು.

ಇನ್ನು ಹೊಂದಿಸುವ ಕ್ರಮ. ಹ್ಯಾಂಡ್‌ಬ್ರೇಕನ್ನು ಪೂರ್ತಿ ಇಳಿಸಿಯೇ ಈ ಕೆಲಸ ಮಾಡಬೇಕಾದುದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ, ಗೇರನ್ನು ನ್ಯೂಟ್ರಲ್‌ನಲ್ಲಿಡಿ, ಹಿಂಭಾಗವನ್ನು ಜ್ಯಾಕ್‌ನಿಂದ ಎತ್ತಿ ಆಕ್ಸಲಿನ ಕೆಳಗೆ ಸ್ಟ್ಯಾಂಡ್ ಕೊಡಿ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ. ಕೇಬಲ್ ನಿಜವಾಗಿಯೂ ಸಡಿಲವಾಗಿದೆಯೇ ಎಂದು ಕೈಯಿಂದ ಅಲ್ಲಾಡಿಸಿ ನೋಡಿ. ಬಳಿಕ ಅಡ್ಜಸ್ಟರಿನ ಸುತ್ತಲಿನ ಮಣ್ಣನ್ನು ತಂತಿಬ್ರಷ್‌ನಿಂದ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಾಧ್ಯವಾದರೆ ಒಂದು ರಾತ್ರಿ ಹಾಗೆಯೇ ಬಿಡಿ. ಈ ಚೌಕಕ್ಕೆ ಸರಿಯಾಗಿ ಕೂರುವ ಬ್ರೇಕ್ ಅಡ್ಜಸ್ಟಿಂಗ್ ಸ್ಪ್ಯಾನರನ್ನೇ ಬಳಸಿ. ಬಾಯಿ ಅಗಲವಾದ ಸ್ಪ್ಯಾನರ್ ಅಥವಾ ಇಕ್ಕಳ ಹಾಕಿದರೆ ಚೌಕದ ಮೂಲೆಗಳು ಉರುಟಾಗಿ, ಹತ್ತು ನಿಮಿಷದ ಕೆಲಸ ಇಡೀ ದಿನವನ್ನು ನುಂಗುತ್ತದೆ. ಹಾಗೆ ಒಂದು ಭಾನುವಾರವನ್ನು ಕಳೆದುಕೊಂಡವನ ಮಾತು ಇದು.

ಅಡ್ಜಸ್ಟರನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಚಕ್ರ ಕೈಗೆ ತಿರುಗದೆ ಕಚ್ಚಿಕೊಳ್ಳುವವರೆಗೆ ತಿರುಗಿಸಿ. ಆಗ ಒಬ್ಬರು ಒಳಗೆ ಕುಳಿತು ಪೆಡಲನ್ನು ಎರಡು-ಮೂರು ಸಲ ಬಲವಾಗಿ ಒತ್ತಲಿ. ಶೂಗಳು ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತವೆ. ಹೀಗೆ ಕೂತ ಮೇಲೆ ಚಕ್ರ ಮತ್ತೆ ಸಡಿಲಾದರೆ ಇನ್ನೊಮ್ಮೆ ಬಿಗಿಯಿರಿ. ಅನಂತರ ಚಕ್ರ ಉಜ್ಜದೆ ತಿರುಗುವಷ್ಟು ಮಾತ್ರ ಅಡ್ಜಸ್ಟರನ್ನು ಹಿಂದಕ್ಕೆ ಬಿಡಿ. ಸಾಮಾನ್ಯವಾಗಿ ಒಂದೆರಡು ಕ್ಲಿಕ್ ಸಾಕು. ಚಕ್ರವನ್ನು ತಿರುಗಿಸುವಾಗ ಆಕ್ಸಲ್ ಮತ್ತು ಡಿಫರೆನ್ಷಿಯಲ್‌ಗಳಿಂದ ಬರುವ ಸಮನಾದ, ದಪ್ಪ ಎಣ್ಣೆಯ ಬಿಗಿತವನ್ನು ಬ್ರೇಕಿನ ಉಜ್ಜಾಟವೆಂದು ಭಾವಿಸಬೇಡಿ. ಬ್ರೇಕ್ ಉಜ್ಜಿದರೆ ಸದ್ದು ಕೇಳಿಸುತ್ತದೆ.

ಎರಡೂ ಕಡೆ ಇಷ್ಟು ಮುಗಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ನೋಡಿ. ಮೂರು-ನಾಲ್ಕು ಕ್ಲಿಕ್ಕಿಗೆ ಹಿಡಿದರೆ ಕೇಬಲಿನ ನಟ್ಟನ್ನು ಮುಟ್ಟುವ ಅಗತ್ಯವೇ ಇಲ್ಲ. ಹಿಡಿಯದಿದ್ದರೆ ಆಗ, ಆಗ ಮಾತ್ರ, ಕೇಬಲ್ ಬಿಗಿಯಬಹುದು. ಇಳಿಸಿದಾಗ ಎರಡೂ ಚಕ್ರಗಳು ಸಲೀಸಾಗಿ ತಿರುಗುತ್ತವೆಯೇ ಎಂದು ಮತ್ತೆ ನೋಡಬೇಕು. ನಿಮ್ಮ ಡ್ರಮ್‌ಗಳು ಈಗಾಗಲೇ ಚೆನ್ನಾಗಿ ಕಾದಿರುವುದರಿಂದ ಒಮ್ಮೆ ಅವುಗಳನ್ನು ಬಿಚ್ಚಿ ನೋಡುವುದು ಒಳ್ಳೆಯದು. ಲೈನಿಂಗಿನ ದಪ್ಪ 1.5 ಮಿಲಿಮೀಟರಿನ ಹತ್ತಿರಕ್ಕೆ ಬಂದಿದ್ದರೆ, ರಿವೆಟ್ ಹೊಡೆದ ಲೈನಿಂಗಿನಲ್ಲಿ ರಿವೆಟ್ಟಿನ ತಲೆ ಮೇಲ್ಮೈಯನ್ನು ಸಮೀಪಿಸಿದ್ದರೆ ಅಥವಾ ಲೈನಿಂಗ್ ಗಾಜಿನಂತೆ ಹೊಳೆಯುತ್ತಾ ಬಿರುಕು ಬಿಟ್ಟಿದ್ದರೆ ನಾಲ್ಕೂ ಶೂಗಳನ್ನು ಒಟ್ಟಿಗೆ ಬದಲಿಸಿ. ಒಂದು ಕಡೆಯನ್ನು ಪೂರ್ತಿ ಜೋಡಿಸುವವರೆಗೆ ಇನ್ನೊಂದು ಕಡೆಯನ್ನು ಬಿಚ್ಚಬೇಡಿ. ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂಬ ಗೊಂದಲ ಬಂದಾಗ ಬಿಚ್ಚದ ಆ ಕಡೆಯೇ ನಿಮಗೆ ನಕ್ಷೆ.

ಪ್ರಶ್ನೆ: ಡ್ರಮ್ ಬಿಚ್ಚಿದಾಗ ಎಡಗಡೆಯ ಶೂಗಳು ಒದ್ದೆಯಾಗಿದ್ದವು. ವೀಲ್ ಸಿಲಿಂಡರ್ ಬದಲಿಸಿದೆ. ಮೂರು ವಾರದಲ್ಲಿ ಮತ್ತೆ ಒದ್ದೆ. ಹೊಸ ಸಿಲಿಂಡರೇ ಕಳಪೆಯೇ? ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಬಳಸಬಹುದೇ?

ಉತ್ತರ: ಡ್ರಮ್ಮಿನೊಳಗೆ ದ್ರವ ಬರಲು ಎರಡು ದಾರಿಗಳಿವೆ. ನೀವು ಒಂದನ್ನು ಮಾತ್ರ ಮುಚ್ಚಿದಿರಿ. ಒಂದು, ಶೂಗಳನ್ನು ನೂಕುವ ವೀಲ್ ಸಿಲಿಂಡರಿನಿಂದ ಸೋರುವ ಬ್ರೇಕ್ ಆಯಿಲ್; ಇನ್ನೊಂದು, ಚಕ್ರದ ನಡುಭಾಗವಾದ ಹಬ್ಬಿನ ಸೀಲನ್ನು ದಾಟಿ ಬರುವ ಆಕ್ಸಲ್ ಆಯಿಲ್. ನಾವು ರೂಢಿಯಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುವುದು ನಿಜಕ್ಕೂ ಎಣ್ಣೆಯೇ ಅಲ್ಲ. ಡಾಟ್ 3 ಮತ್ತು ಡಾಟ್ 4 ದರ್ಜೆಯ ದ್ರವಗಳು ಗ್ಲೈಕಾಲ್ ಜಾತಿಯವು, ನೀರಿನಲ್ಲಿ ಕರಗುತ್ತವೆ, ಬಣ್ಣವನ್ನು ತಿನ್ನುತ್ತವೆ. ಒದ್ದೆ ಜಾಗದಿಂದ ಒಂದು ಹನಿಯನ್ನು ತೆಗೆದು ನೀರಿಗೆ ಬಿಡಿ. ಬೆರೆತುಹೋದರೆ ಅದು ಬ್ರೇಕಿನದು. ನೀರಿನ ಮೇಲೆ ತೇಲಿ, ಬೆರಳಿಗೆ ದಪ್ಪವಾಗಿ ಹತ್ತಿ, ಗಂಧಕದ ಘಾಟು ಬಂದರೆ ಅದು ಆಕ್ಸಲಿನದು. ಸಿಲಿಂಡರಿನ ರಬ್ಬರ್ ಟೋಪಿಯನ್ನು ಮೆಲ್ಲಗೆ ಮಡಚಿ ನೋಡಿದಾಗ ಒಳಗೆ ಒಣಗಿದ್ದರೆ ಹೊಸ ಸಿಲಿಂಡರನ್ನು ದೂರುವ ಕಾರಣವಿಲ್ಲ.

ಮೂರೇ ವಾರದಲ್ಲಿ ಮರುಕಳಿಸಿದೆ ಎಂದಾಗ ನನ್ನ ಅನುಮಾನ ಆಕ್ಸಲಿನ ಮೇಲೆಯೇ. ಸೀಲ್ ಬದಲಿಸುವ ಮುನ್ನ ಆಕ್ಸಲ್ ಕವಚದ ಮೇಲಿನ ಗಾಳಿಕಿಂಡಿಯನ್ನು ಪರೀಕ್ಷಿಸಿ. ಆ ಕಿರಿದಾದ ಕಿಂಡಿ ಕೆಸರಿನಿಂದ ಮುಚ್ಚಿದ್ದರೆ, ಎಣ್ಣೆ ಬಿಸಿಯಾದಾಗ ಒಳಗೆ ಒತ್ತಡ ಹೆಚ್ಚಿ, ಎಷ್ಟೇ ಒಳ್ಳೆಯ ಸೀಲಾದರೂ ಸೋರುತ್ತದೆ. ಎಣ್ಣೆಯನ್ನು ತುಂಬುವ ರಂಧ್ರದ ಮಟ್ಟಕ್ಕಿಂತ ಮೇಲೆ ಹಾಕಿದ್ದರೂ ಅದೇ ಫಲ.

ಲೈನಿಂಗ್ ತೊಳೆಯುವ ಪ್ರಶ್ನೆಗೆ ಉತ್ತರ: ಬೇಡ. ದ್ರವವನ್ನು ಹೀರಿದ ಲೈನಿಂಗ್ ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಕಾದಾಗ ಒಳಗಿನದು ಹೊರಗೆ ಬರುತ್ತದೆ, ಒಂದು ಚಕ್ರ ಹಿಡಿದು ಇನ್ನೊಂದು ಜಾರಿದಾಗ ಕಾರಿನ ಹಿಂಭಾಗ ಪಕ್ಕಕ್ಕೆ ಎಳೆಯುತ್ತದೆ. ಶೂಗಳನ್ನು ಎರಡೂ ಕಡೆ ಬದಲಿಸಿ. ಡ್ರಮ್ಮನ್ನು ಮಾತ್ರ ಬ್ರೇಕ್ ಕ್ಲೀನರಿನಿಂದ ತೊಳೆದು ಮತ್ತೆ ಬಳಸಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಳೆಯ ಲೈನಿಂಗುಗಳಲ್ಲಿ ಇರುತ್ತಿದ್ದ, ಪುಡಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಬಿಳಿ ಆಸ್ಬೆಸ್ಟಾಸಿನ ಬಳಕೆ ಬ್ರಿಟನ್ನಿನಲ್ಲಿ ನಿಷೇಧವಾದದ್ದು 1999ರಲ್ಲಿ. ಅದಕ್ಕೆ ಹಿಂದಿನ ಕಾಲದ ಶೂಗಳು ನಿಮ್ಮ ಕಾರಿನಲ್ಲಿ ಇನ್ನೂ ಉಳಿದಿರಬಹುದು, ಹಳೆಯ ದಾಸ್ತಾನಿನಿಂದ ಬಂದ ಪೊಟ್ಟಣದಲ್ಲೂ ಇರಬಹುದು. ಡ್ರಮ್ಮಿನೊಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಬಾಯಿಂದ ಊದಬೇಡಿ, ಒಣ ಬ್ರಷ್ಷಿನಿಂದ ಗುಡಿಸಬೇಡಿ. ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಸರಿಯಾದ ಮುಖಗವಸು ಧರಿಸಿ.

ಪ್ರಶ್ನೆ: ಹೊಂದಿಸಿದ ಮೇಲೆ ಬಲಗಡೆಯ ಚಕ್ರ ಪ್ರತಿ ಸುತ್ತಿನಲ್ಲೂ ಒಂದೇ ಕಡೆ ಉಜ್ಜುತ್ತದೆ. ಆ ಸದ್ದು ಹೋಗುವವರೆಗೆ ಅಡ್ಜಸ್ಟರ್ ಬಿಟ್ಟರೆ ಪೆಡಲ್ ಕೆಳಗಿಳಿಯುತ್ತದೆ.

ಉತ್ತರ: ಡ್ರಮ್ ದುಂಡಗಿಲ್ಲ. ಬಿಸಿ ಡ್ರಮ್ಮಿನ ಮೇಲೆ ಹ್ಯಾಂಡ್‌ಬ್ರೇಕ್ ಬಿಗಿದು ತಿಂಗಳುಗಟ್ಟಲೆ ನಿಲ್ಲಿಸಿದ ಕಾರುಗಳಲ್ಲಿ ಶೂ ಅಂಟಿದ ಜಾಗದ ತುಕ್ಕಿನಿಂದಲೂ ಹೀಗಾಗುತ್ತದೆ. ಅಷ್ಟೇ ಆಗಿದ್ದರೆ ಉಪ್ಪುಕಾಗದದಿಂದ ಹೋಗುತ್ತದೆ. ಹೋಗದಿದ್ದರೆ ಡ್ರಮ್ಮಿನ ಒಳವ್ಯಾಸವನ್ನು ಮೂರು-ನಾಲ್ಕು ದಿಕ್ಕಿನಲ್ಲಿ ಅಳೆದು, ತಯಾರಕರು ಹೇಳಿದ ಗರಿಷ್ಠ ವ್ಯಾಸವನ್ನು ಮೀರದಷ್ಟು ಲೇತಿನಲ್ಲಿ ಹೊಡೆಸಬಹುದು. ಆ ಮಿತಿ ದಾಟಿದ ಡ್ರಮ್ ಗುಜರಿಗೆ ಹೋಗಲಿ. ತೆಳುವಾದ ಡ್ರಮ್ ಬೇಗ ಕಾಯುತ್ತದೆ, ಕಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಇಳಿಜಾರಿನಲ್ಲಿ ಪೆಡಲ್ ಕಾಣೆಯಾಗುವುದು ಆಗಲೇ.

ಪ್ರಶ್ನೆ: ನನ್ನ ಟ್ರಯಂಫ್ ಸ್ಪಿಟ್‌ಫೈರಿನಲ್ಲಿ ಒಂದೇ ಚಕ್ರದ ಒಂದು ಶೂ ಪೂರ್ತಿ ಸವೆದಿದೆ, ಜೊತೆಯದು ಹೊಸದರಂತಿದೆ. ಆ ಕಡೆಯ ಹ್ಯಾಂಡ್‌ಬ್ರೇಕೂ ದುರ್ಬಲ.

ಉತ್ತರ: ಚಕ್ರ ತಿರುಗುವ ದಿಕ್ಕೇ ಒಂದು ಶೂವನ್ನು ಡ್ರಮ್ಮಿನೊಳಕ್ಕೆ ಎಳೆದುಕೊಳ್ಳುವುದರಿಂದ ಅದು ತುಸು ಹೆಚ್ಚು ಸವೆಯುವುದು ಸಹಜ. ಒಂದು ಸವೆದು ಇನ್ನೊಂದು ಹೊಸದರಂತಿರುವುದು ಸಹಜವಲ್ಲ. ಎಂಜಿಬಿಯ ಸಿಲಿಂಡರ್ ಬ್ಯಾಕ್ ಪ್ಲೇಟಿಗೆ ಗಟ್ಟಿಯಾಗಿ ಕೂತಿದ್ದು, ಎರಡು ಪಿಸ್ಟನ್‌ಗಳಿಂದ ಎರಡು ಶೂಗಳನ್ನು ನೂಕುತ್ತದೆ. ನಿಮ್ಮ ಕಾರಿನದು ಹಾಗಲ್ಲ: ಪಿಸ್ಟನ್ ಒಂದೇ. ಅದು ಒಂದು ಶೂವನ್ನು ನೂಕಿದಾಗ ಸಿಲಿಂಡರಿನ ಒಡಲು ಎದುರು ದಿಕ್ಕಿಗೆ ಸರಿದು ಇನ್ನೊಂದನ್ನು ನೂಕಬೇಕು. ಹಾಗೆ ಸರಿಯಲೆಂದೇ ಅದನ್ನು ಉದ್ದನೆಯ ಕಿಂಡಿಯಲ್ಲಿ ಜಾರುವಂತೆ ಕೂರಿಸಿದ್ದಾರೆ. ಕಿಂಡಿಯಲ್ಲಿ ತುಕ್ಕು ಕೂತು ಒಡಲು ಕಚ್ಚಿಕೊಂಡರೆ ಎರಡನೆಯ ಶೂಗೆ ಕೆಲಸವೇ ಸಿಗುವುದಿಲ್ಲ, ಹ್ಯಾಂಡ್‌ಬ್ರೇಕಿನ ಅರ್ಧ ಬಲವೂ ಅಲ್ಲೇ ನಿಲ್ಲುತ್ತದೆ.

ಶೂಗಳನ್ನು ತೆಗೆದು, ಸಿಲಿಂಡರನ್ನು ಹಿಡಿದಿರುವ ತಗಡಿನ ಹಾಳೆಗಳು ಯಾವ ಕ್ರಮದಲ್ಲಿ ಒಂದರೊಳಗೊಂದು ಕೂತಿವೆ ಎಂದು ಚಿತ್ರ ತೆಗೆದುಕೊಂಡು, ಅವನ್ನು ಬಿಡಿಸಿ. ಡ್ರಮ್ ಹೊರಗಿರುವಾಗ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ಪಿಸ್ಟನ್ ಹಾರಿ ಹೊರಬರುತ್ತದೆ. ಕಿಂಡಿಯ ಅಂಚುಗಳನ್ನೂ ಒಡಲಿನ ತೋಡನ್ನೂ ಲೋಹ ಹೊಳೆಯುವವರೆಗೆ ಉಜ್ಜಿ, ಹೆಚ್ಚು ಬಿಸಿ ತಾಳುವ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಿ. ಶೂಗಳ ಅಂಚು ಬ್ಯಾಕ್ ಪ್ಲೇಟಿಗೆ ತಾಗುವ ಉಬ್ಬುಗಳಿಗೂ ಅದನ್ನೇ ಒಂದು ಚುಕ್ಕೆಯಷ್ಟು ಹಾಕಿ. ರಬ್ಬರ್ ಇರುವ ಜಾಗಕ್ಕೆ ಮಾತ್ರ ಸಾಮಾನ್ಯ ಗ್ರೀಸ್ ಸೋಕಬಾರದು, ಅದರಿಂದ ರಬ್ಬರ್ ಉಬ್ಬಿ ಕೆಡುತ್ತದೆ. ಅಲ್ಲಿಗೆ ಕೆಂಪು ರಬ್ಬರ್ ಗ್ರೀಸ್ ಬೇರೆಯೇ ಇದೆ. ಜೋಡಿಸಿದ ಮೇಲೆ ಸಿಲಿಂಡರ್ ಹೆಬ್ಬೆರಳಿನ ಒತ್ತಿಗೆ ಅತ್ತಿತ್ತ ಜಾರಬೇಕು. ಜಾರದಿದ್ದರೆ ಡ್ರಮ್ ಮುಚ್ಚಬೇಡಿ, ಮತ್ತೆ ಬಿಚ್ಚಿ.

ಪ್ರಶ್ನೆ: ಒಂದೇ ಚಕ್ರ ಬಿಸಿಯಾಗುತ್ತದೆ. ದೋಷ ಆಯಿಲಿನ ಒತ್ತಡದ್ದೋ ಕೇಬಲಿನದ್ದೋ ತಿಳಿಯುವುದು ಹೇಗೆ?

ಉತ್ತರ: ಚಕ್ರ ಕಚ್ಚಿಕೊಂಡಿರುವಾಗಲೇ ಎತ್ತಿ, ಆ ಚಕ್ರದ ಬ್ಲೀಡ್ ನಿಪ್ಪಲನ್ನು (ಆಯಿಲ್ ಹೊರಬಿಡುವ ಸಣ್ಣ ತಿರುಪನ್ನು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಯಾದರೆ ಪೈಪಿನಲ್ಲಿ ಒತ್ತಡ ಸಿಕ್ಕಿಕೊಂಡಿದೆ. ಬಿಡುಗಡೆಯಾಗದಿದ್ದರೆ ಹ್ಯಾಂಡ್‌ಬ್ರೇಕ್ ಲಿವರ್, ಸೋತ ಸ್ಪ್ರಿಂಗ್, ಕಚ್ಚಿದ ಪಿಸ್ಟನ್ ಇವುಗಳಲ್ಲಿ ಒಂದು. ಎಂಜಿಬಿಯಲ್ಲಿ ಹಿಂದಿನ ಎರಡೂ ಚಕ್ರಗಳಿಗೆ ರಬ್ಬರ್ ಹೋಸ್ ಒಂದೇ. ಅದರ ಒಳಪದರ ಊದಿಕೊಂಡು ಆಯಿಲ್ ಹಿಂದಿರುಗದಂತೆ ತಡೆದರೆ ಎರಡೂ ಚಕ್ರಗಳು ಕಾಯಬೇಕು. ಒಂದೇ ಕಾಯುತ್ತಿದ್ದರೆ ಹೋಸನ್ನು ಬಿಟ್ಟು ಆ ಡ್ರಮ್ಮಿನೊಳಗೆ ಹುಡುಕಿ. ನಿಪ್ಪಲ್ ಸಡಿಲಿಸಿದ ಮೇಲೆ ಬ್ಲೀಡಿಂಗ್ ಮಾಡಲು, ಅಂದರೆ ಪೈಪಿನೊಳಗಿನ ಗಾಳಿಯನ್ನು ಹೊರಹಾಕಲು, ಮರೆಯಬೇಡಿ. ಆಯಿಲ್ ಹಾಕಿ ಎರಡು ವರ್ಷ ದಾಟಿದ್ದರೆ ಪೂರ್ತಿ ಹೊಸದನ್ನೇ ತುಂಬಿ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ, ಕಚ್ಚಿಕೊಂಡ ಡ್ರಮ್ ಅಷ್ಟು ಕಾಯಲು ಹೆಚ್ಚು ಹೊತ್ತು ಬೇಕಿಲ್ಲ.