ಓದುಗರ ಪ್ರಶ್ನೆ: ಎದುರಾಳಿ ಜುಟ್ಟು ಕೈಲಿದ್ರೂ ಯಾಕೆ ಎಳೀಲಿಲ್ಲ?

ಪ್ರಶ್ನೆ: ಸರ್, 1964ರ ‘ದಿ ಬೆಸ್ಟ್ ಮ್ಯಾನ್’ ಪಿಕ್ಚರ್ ನೋಡ್ದೆ, ಅಮೆರಿಕದಲ್ಲಿ ಪ್ರೆಸಿಡೆಂಟ್ ಎಲೆಕ್ಷನ್ ಟಿಕೆಟ್‌ಗೆ ಒಂದೇ ಪಾರ್ಟಿಯವರು ಕಿತ್ತಾಡೋ ಕಥೆ. ಎದುರಾಳಿ ಕ್ಯಾಂಟ್‌ವೆಲ್‌ನ ಗುಟ್ಟು ಸಿಕ್ಕಿದ್ರೂ ಹೆನ್ರಿ ಫೋಂಡಾ ಬಯಲು ಮಾಡಲ್ವಲ್ಲ, ಒಳ್ಳೇತನನಾ, ಕೈಲಾಗದೇ ಇದ್ದಿದ್ದಾ? ರೇಸಲ್ಲೇ ಇಲ್ಲದ ಮೂರನೆಯವನು ಹೆಂಗ್ ಗೆದ್ದ?

ಉತ್ತರ: ಎರಡನೇದು ಸುಲಭ, ಮೊದ್ಲು ಅದನ್ನ ಮುಗಿಸಿಬಿಡೋಣ. ಅಲ್ಲಿ ಅಭ್ಯರ್ಥಿನ ಆರಿಸೋ ಪಾರ್ಟಿ ಕನ್ವೆನ್ಷನ್‌ನಲ್ಲಿ ಯಾರಿಗೂ ಬೇಕಾದಷ್ಟು ಡೆಲಿಗೇಟ್, ಅಂದ್ರೆ ವೋಟ್ ಹಾಕೋ ಪ್ರತಿನಿಧಿಗಳು, ಸಿಗ್ಲಿಲ್ಲ ಅಂದ್ರೆ ಮತ್ತೆ ವೋಟಿಂಗು, ಮತ್ತೆ ವೋಟಿಂಗು. 1924ರಲ್ಲಿ ಡೆಮಾಕ್ರಟ್‌ಗಳು 103 ಸಲ ವೋಟ್ ಹಾಕಿದ್ರು, ಆಗ ಅವರಲ್ಲಿ ಮೂರರಲ್ಲಿ ಎರಡು ಪಾಲು ವೋಟ್ ಬೇಕಿತ್ತು, ಮ್ಯಾಕಡೂ, ಆಲ್ ಸ್ಮಿತ್ ಇಬ್ರೂ ಜಗ್ಗಾಡಿ ಸುಸ್ತಾಗಿ ಕೊನೆಗೆ ಟಿಕೆಟ್ ಸಿಕ್ಕಿದ್ದು ಜಾನ್ ಡೇವಿಸ್‌ಗೆ. ಪಿಕ್ಚರಲ್ಲೂ ಅದೇ ಕಥೆ, ಫೋಂಡಾ ಮಾಡಿರೋ ರಸೆಲ್ ತಾನು ಹಿಂದೆ ಸರಿದು ತನ್ನ ಡೆಲಿಗೇಟ್‌ಗಳನ್ನ ಗವರ್ನರ್ ಮರ್ವಿನ್ ಕಡೆ ತಳ್ತಾನೆ, ಅಷ್ಟೇ.

ಮೊದಲನೇದಕ್ಕೆ ನನ್ನ ಉತ್ತರ, ಎರಡೂ ಹೌದು. ರಸೆಲ್ ಒಳ್ಳೆಯವನೇ, ಆದ್ರೆ ಮೀನಮೇಷ ಎಣಿಸೋ ಗಿರಾಕಿ. ಮಾಜಿ ಪ್ರೆಸಿಡೆಂಟ್ ಹಾಕ್‌ಸ್ಟೇಡರ್‌ಗೆ ಇವನ ಮೇಲಿರೋ ಸಿಟ್ಟೂ ಅದೇ. ಆ ಮುದುಕ ನಿಜವಾಗಿ ಬೆಂಬಲ ಕೊಡೋಕೆ ಹೊರಟಿದ್ದು ಕ್ಯಾಂಟ್‌ವೆಲ್‌ಗೆ ಸ್ವಾಮಿ! ಆ ಸೀನ್ ಇನ್ನೊಂದ್ಸಲ ನೋಡಿ. ಮುದುಕ ತನ್ನ ಪರವಾಗೇ ಇದಾನೆ ಅಂತ ಗೊತ್ತಾಗದೆ ಕ್ಯಾಂಟ್‌ವೆಲ್ ತಾನೇ ಮುಂದೆ ಬಿದ್ದು ರಸೆಲ್‌ನ ಮಾನಸಿಕ ಚಿಕಿತ್ಸೆ ಫೈಲ್ ತೋರ್ಸಿ ಬೆದರಿಸ್ತಾನೆ, ಬರ್ತಿದ್ದ ಬೆಂಬಲವನ್ನ ಕೈಯಾರೆ ಕಳ್ಕೊಳ್ತಾನೆ. ಅವನು ಕೆಟ್ಟವನು ಅನ್ನೋದು ಮುದುಕನಿಗೆ ಸಮಸ್ಯೆನೇ ಅಲ್ಲ, ಇಷ್ಟು ದಡ್ಡನಾ ಅನ್ನೋದೇ ಸಂಕಟ. ಮುದುಕನ ಪಾತ್ರದ ಲೀ ಟ್ರೇಸಿ ಇದನ್ನ ಎಷ್ಟು ಚೆನ್ನಾಗಿ ಮಾಡಿದಾರೆ ಅಂದ್ರೆ ನನಗಂತೂ ಫೋಂಡಾ ಸಪ್ಪೆ ಅನ್ಸಿದ್ರು, ಟ್ರೇಸಿಗೆ ಪೋಷಕ ನಟ ಆಸ್ಕರ್‌ಗೆ ನಾಮಿನೇಷನ್ನೂ ಸಿಕ್ತು.

ಇನ್ನು ರಸೆಲ್ ಕೈಗೆ ಸಿಕ್ಕಿದ್ದು ಏನು? ಸೈನ್ಯದಲ್ಲಿದ್ದಾಗ ಕ್ಯಾಂಟ್‌ವೆಲ್ ಸಲಿಂಗಕಾಮಿ ಆಗಿದ್ದ ಅನ್ನೋ ಒಂದು ಆರೋಪ, ಅದೂ ಬೆವರು ಒರೆಸ್ಕೊಳ್ತಾ ತಡವರಿಸೋ ಒಬ್ಬ ಸಾಕ್ಷಿ ಬಾಯಿಂದ. ನಿಜನೋ ಸುಳ್ಳೋ ಪಕ್ಕಾ ಆಗ್ದೇ ಇರೋದನ್ನ ಊರಿಗೆಲ್ಲಾ ಹೇಗೆ ಸಾರ್ತಾನೆ?

ಅಂದಹಾಗೆ ಫೈಲ್ ವಿಷಯ ಅತಿ ಆಯ್ತು ಅಂತ ಅನ್ಸಿದ್ರೆ, 1972ರಲ್ಲಿ ಡೆಮಾಕ್ರಟ್‌ಗಳ ಪ್ರೆಸಿಡೆಂಟ್ ಅಭ್ಯರ್ಥಿ ಮೆಕ್‌ಗವರ್ನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಥಾಮಸ್ ಈಗಲ್ಟನ್, ಹಿಂದೆ ಖಿನ್ನತೆಗೆ ಶಾಕ್ ಟ್ರೀಟ್‌ಮೆಂಟ್ ತಗೊಂಡಿದ್ದು ಹೊರಗೆ ಬಂದು, ಟಿಕೆಟ್ ಸಿಕ್ಕ 18 ದಿನಕ್ಕೇ ಕಣದಿಂದ ಇಳೀಬೇಕಾಯ್ತು.