ಓದುಗರ ಪ್ರಶ್ನೆ: ಬೀದಿಯಲ್ಲಿ ಮಲಗುವವರಿಗೆ ಸೂರು

ಪ್ರಶ್ನೆ: ನಾವು ಏಳು ಮಂದಿ ಸೇರಿ ಸಂಘ ನೋಂದಾಯಿಸಿದ್ದೇವೆ. ರಾತ್ರಿ ಹೊತ್ತು ಸ್ಟೇಷನ್ ಹತ್ತಿರ ಊಟದ ಪೊಟ್ಟಣ, ಕಂಬಳಿ ಹಂಚುತ್ತೇವೆ. ಪಾಲಿಕೆಯ ವಸತಿರಹಿತರ ಆಶ್ರಯ ಕೇಂದ್ರ ವಹಿಸಿಕೊಳ್ಳುವ ಯೋಚನೆಯಿದೆ. ಎಲ್ಲಿಂದ ಶುರು ಮಾಡಬೇಕು? (ಹುಬ್ಬಳ್ಳಿ)

ಉತ್ತರ: ಮೊದಲು ತಲೆ ಎಣಿಸಿ, ಅದೂ ರಾತ್ರಿ. ಹಗಲು ಕಣ್ಣಿಗೆ ಬೀಳುವವರು ಭಿಕ್ಷೆ ಬೇಡುವವರಷ್ಟೇ. ಹಮಾಲರು, ಹೋಟೆಲ್ ಕ್ಲೀನರ್‌ಗಳು, ಛತ್ರದಲ್ಲಿ ಬಡಿಸುವವರು ಅಂಗಡಿ ಮುಂಗಟ್ಟಿನಲ್ಲಿ ಮೈ ಚಾಚುವುದು ಹನ್ನೊಂದರ ಮೇಲೆ. ಸಂತೆಯ ದಿನ ಒಮ್ಮೆ, ಬೇರೆ ದಿನ ಒಮ್ಮೆ, ಬೆಳಗಿನ ಜಾವ ನಾಲ್ಕರವರೆಗೆ ಸುತ್ತಿ. ಟಾರ್ಚ್ ಮುಖಕ್ಕೆ ಹಿಡಿಯಬೇಡಿ. ವ್ಯಾನ್ ಅಂತೂ ಬೇಡವೇ ಬೇಡ. ನಮ್ಮಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇನ್ನೂ ಇದೆ. ಗಾಡಿ ನಿಂತರೆ, ಭಿಕ್ಷುಕರನ್ನು ಹಿಡಿದು ಇಡುವ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಎತ್ತಿಕೊಂಡು ಹೋಗಲು ಬಂದರೆಂದು ಜನ ಓಡುತ್ತಾರೆ. ಹೆಂಗಸರ ಲೆಕ್ಕ ಕಡಿಮೆ ಬಂದರೆ ನಂಬಬೇಡಿ. ಅವರು ಬಸ್ ನಿಲ್ದಾಣದ ದೀಪದ ಕೆಳಗೆ ಕೂತೇ ರಾತ್ರಿ ಕಳೆಯುತ್ತಾರೆ, ಇಲ್ಲವೇ ಆಸ್ಪತ್ರೆಯ ವರಾಂಡದಲ್ಲಿ ರೋಗಿಯ ಕಡೆಯವರಂತೆ ಮಲಗಿರುತ್ತಾರೆ.

ಈ ಲೆಕ್ಕ ಕೈಯಲ್ಲಿದ್ದರೆ ಪಾಲಿಕೆಯ ಮುಂದೆ ಮಾತಾಡಬಹುದು. 2013ರಲ್ಲಿ ಶುರುವಾಗಿ 2024ರಲ್ಲಿ ಅವಧಿ ಮುಗಿದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಕಾಯಂ ಆಶ್ರಯ ಇರಬೇಕೆಂದಿತ್ತು. 2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.4 ಲಕ್ಷ, ಅಂದರೆ 900ಕ್ಕೂ ಹೆಚ್ಚು ಮಂದಿಗೆ ಜಾಗ ಬೇಕು. ಒಬ್ಬರಿಗೆ 50 ಚದರ ಅಡಿ. ಒಬ್ಬ ಮ್ಯಾನೇಜರ್, ಎಂಟು ತಾಸಿನ ಪಾಳಿಗೆ ಮೂವರು ಕೇರ್‌ಟೇಕರ್‌ಗಳು. ಅನುದಾನ ಕಂತು ಕಂತಾಗಿ, ತಡವಾಗಿ ಬರುವುದೇ ಹೆಚ್ಚು. ಮೂರು ತಿಂಗಳ ಸಂಬಳ ಕೈಯಲ್ಲಿಲ್ಲದೆ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಕಟ್ಟಡ ಖಾಲಿ ಬೀಳುವುದಕ್ಕೆ ಜನರ ಸೋಮಾರಿತನ ಕಾರಣವಲ್ಲ. ಬೆಳಗಿನ ಜಾವ ಮಾರ್ಕೆಟ್‌ನಲ್ಲಿ ಲಾರಿ ಇಳಿಸುವವನಿಗೆ ಊರಾಚೆಯ ಕೇಂದ್ರ ಎಂದರೆ ಆ ದಿನದ ಕೂಲಿ ಹೋದಂತೆ. ರಾತ್ರಿ ಪಾಳಿಯವನಿಗೆ ಹಗಲು ನಿದ್ದೆ ಬೇಕು, ನೀವು ಏಳಕ್ಕೇ ಎಬ್ಬಿಸಿ ಕಳಿಸುತ್ತೀರಿ. ಗಂಡ ಹೆಂಡತಿಯನ್ನು ಬೇರೆ ಬೇರೆ ಕಟ್ಟಡಕ್ಕೆ ಹಾಕಿದರೆ ಇಬ್ಬರೂ ಫುಟ್‌ಪಾತಿಗೇ ವಾಪಸ್. ಎಲ್ಲಕ್ಕಿಂತ ದೊಡ್ಡದು ಗಂಟಿನ ಚಿಂತೆ: ಬಟ್ಟೆ, ಪಾತ್ರೆ, ಸೊಂಟದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದ. ಮಂಚ ಕಡಿಮೆಯಾದರೂ ಚಿಂತೆಯಿಲ್ಲ, ಆಳಿಗೊಂದು ಬೀಗದ ಪೆಟ್ಟಿಗೆ ಇರಲಿ. ಒಂದು ಕೀಲಿ ಅವರ ಕೊರಳಲ್ಲಿ, ಇನ್ನೊಂದು ಕಚೇರಿಯಲ್ಲಿ.

ಪ್ರಶ್ನೆ: ಕೇಂದ್ರದಲ್ಲಿರುವ ಹಲವರ ಬಳಿ ಒಂದೂ ದಾಖಲೆಯಿಲ್ಲ. ಆಧಾರ್ ಅರ್ಜಿ ಹಾಕಿಸಿದರೆ ಮತ್ತೆ ಮತ್ತೆ ತಿರಸ್ಕಾರವಾಗುತ್ತಿದೆ. (ಮೈಸೂರು)

ಉತ್ತರ: ಅವರಿಗೆ ಆಧಾರ್ ಈಗಾಗಲೇ ಆಗಿರಬೇಕು. ಕಾರ್ಡ್ ಕಳೆದಿದೆ, ನಂಬರ್ ನೆನಪಿಲ್ಲ, ಅಷ್ಟೇ. ಹೊಸ ಅರ್ಜಿ ಹಾಕಿದಾಗ ಬೆರಳಚ್ಚು ಹಳೆಯದಕ್ಕೆ ತಾಳೆಯಾಗಿ ವಾಪಸ್ ಬರುತ್ತದೆ. ಆಧಾರ್ ಸೇವಾ ಕೇಂದ್ರಕ್ಕೆ ಕರೆದೊಯ್ದು ಬಯೋಮೆಟ್ರಿಕ್ ಮೂಲಕ ಹಳೆಯ ನಂಬರ್ ಹುಡುಕಿಸಿ. ಗಾರೆ ಕೆಲಸದವರ ಬೆರಳು ಸವೆದಿರುತ್ತದೆ. ಕಣ್ಣಿನ ಪಾಪೆಯ ಸ್ಕ್ಯಾನ್ ಕೇಳಿ. ನಿಜಕ್ಕೂ ಮೊದಲ ಸಲವಾದರೆ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬಹುದು. ಅದು ಮೂರು ತಿಂಗಳಷ್ಟೇ ಊರ್ಜಿತ. ಫೋಟೋದ ಮೇಲೂ ಹಾಳೆಯ ಮೇಲೂ ಬೀಳುವಂತೆ ಸೀಲು, ಸಹಿ ಇರಬೇಕು, ವೈಟ್ನರ್ ಬಳಸಬೇಡಿ.

ಆಧಾರ್ ಬರುವವರೆಗೆ ಬ್ಯಾಂಕ್ ಬಾಗಿಲು ಮುಚ್ಚಿರುವುದಿಲ್ಲ. ಫೋಟೋ ಕೊಟ್ಟು, ಅಧಿಕಾರಿಯ ಎದುರು ಹೆಬ್ಬೆಟ್ಟು ಒತ್ತಿ ‘ಸಣ್ಣ ಖಾತೆ’ ತೆರೆಯಬಹುದು. ಶಿಲ್ಕು 50,000 ರೂಪಾಯಿ ಮೀರಬಾರದು, ತಿಂಗಳಿಗೆ 10,000ದವರೆಗೆ ತೆಗೆಯಬಹುದು. ಮತದಾರರ ಪಟ್ಟಿಗೆ ನಮೂನೆ 6 ತುಂಬಿ. ಬೀದಿಯಲ್ಲಿ ಮಲಗುವವರಿಗೆ ವಿಳಾಸದ ದಾಖಲೆ ಕಡ್ಡಾಯವಲ್ಲ. ಬೂತ್ ಮಟ್ಟದ ಅಧಿಕಾರಿ ರಾತ್ರಿ ಬಂದು ಅವರು ಅಲ್ಲೇ ಮಲಗುತ್ತಾರೆಯೇ ಎಂದು ಒಂದಕ್ಕಿಂತ ಹೆಚ್ಚು ಸಲ ನೋಡಿ ಖಚಿತಪಡಿಸಿಕೊಳ್ಳುತ್ತಾರೆ.

ಪ್ರಶ್ನೆ: ತುರಿಕಜ್ಜಿ ಒಬ್ಬರಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರಿಗೆ ಹತ್ತುತ್ತದೆ. (ಬೆಂಗಳೂರು)

ಉತ್ತರ: ಒಬ್ಬೊಬ್ಬರಿಗೇ ಔಷಧ ಹಚ್ಚಿದರೆ ಹೀಗೇ ಆಗುವುದು. ವೈದ್ಯರನ್ನು ಕೇಂದ್ರಕ್ಕೇ ಕರೆಸಿ, ತುರಿಕೆ ಇಲ್ಲದವರೂ ಸಿಬ್ಬಂದಿಯೂ ಸೇರಿ ಎಲ್ಲರಿಗೂ ಒಂದೇ ರಾತ್ರಿ ಹಚ್ಚಿಸಿ. ಸಾಮಾನ್ಯವಾಗಿ ಕೊಡುವುದು ಶೇ. 5ರ ಪರ್ಮೆಥ್ರಿನ್ ಕ್ರೀಮ್, ದೊಡ್ಡವರಿಗೆ ತಲಾ 30 ಗ್ರಾಮಿನ ಟ್ಯೂಬ್. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಉಗುರಿನಡಿ, ಹೊಕ್ಕುಳು ಬಿಡದೆ ಹಚ್ಚಬೇಕು. 8ರಿಂದ 14 ಗಂಟೆ ಬಿಟ್ಟು ಸ್ನಾನ. ಏಳು ದಿನ ಕಳೆದು ಮತ್ತೊಮ್ಮೆ. ಅದೇ ಬೆಳಿಗ್ಗೆ ಹೊದಿಕೆ, ಬಟ್ಟೆ ಬಿಸಿನೀರಿಗೆ ಹೋಗಲಿ. ಒಗೆಯಲಾಗದ ರಜಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಪಕ್ಕಕ್ಕಿಡಿ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ. ಔಷಧ ಕೆಲಸ ಮಾಡಲಿಲ್ಲವೆಂದು ದಿನಾ ಹಚ್ಚಬೇಡಿ, ಚರ್ಮ ಸುಡುತ್ತದೆ.

ಪ್ರಶ್ನೆ: ಮಾನಸಿಕ ಅಸ್ವಸ್ಥ ಮಹಿಳೆಯೊಬ್ಬರು ಬಸ್ ನಿಲ್ದಾಣದಲ್ಲಿ ಅಲೆಯುತ್ತಿದ್ದಾರೆ. ಪೊಲೀಸರು ‘ನಮ್ಮ ಕೆಲಸವಲ್ಲ’ ಅನ್ನುತ್ತಾರೆ. (ದಾವಣಗೆರೆ)

ಉತ್ತರ: ಅವರದೇ ಕೆಲಸ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮನ್ನು ಠಾಣಾಧಿಕಾರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ರಕ್ಷಣೆಗೆ ತೆಗೆದುಕೊಂಡ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಾಣೆಯಾದವರ ದೂರು ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯ ಹೊಣೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ನಿಮ್ಮವರೊಬ್ಬರು ಅಲ್ಲಿರಿ, ಔಷಧದ ಚೀಟಿಯ ಎರಡು ಪ್ರತಿ ತೆಗೆದಿಟ್ಟುಕೊಳ್ಳಿ.