ಸಂಪಾದಕರ ಉತ್ತರ: ಪಾತಾಳದ ಗಾಳಿಗೆ ನಮ್ಮ ದುಡ್ಡು ಯಾಕೆ?

ಮಲ್ಪೆಯಿಂದ ನಿವೃತ್ತ ಅಧ್ಯಾಪಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಭೂಮಿಯ ಆಳದ ಅನಿಲಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಸಿಟ್ಟು ತರಿಸಿದೆ. ಪತ್ರದ ತಿರುಳು ಇಷ್ಟು: "ನಮ್ಮ ಬಾವಿ ಮಾರ್ಚಿಗೇ ಉಪ್ಪಾಗುತ್ತದೆ. ಟ್ಯಾಂಕರಿಗೆ ಕಾದು ಕೂರುತ್ತೇವೆ. ಹೀಗಿರುವಾಗ ಯಾರೂ ಕಾಣದ ಪಾತಾಳದ ಗಾಳಿ ಅಳೆಯಲು ಕೋಟಿಗಟ್ಟಲೆ ಸುರಿಯುವುದು ಯಾವ ನ್ಯಾಯ? ಇದರಿಂದ ಯಾರ ಹೊಟ್ಟೆ ತುಂಬಿತು?"

ಮಾಷ್ಟ್ರೇ, ದುಡ್ಡು ನಮ್ಮದು, ಲೆಕ್ಕ ಕೇಳಿದ್ದು ಸರಿಯೇ. ಆದರೆ ನೀವು ಬೈದ ಜಾಗ ತಪ್ಪಿತು ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಮನೆ ಹತ್ತಿರದಿಂದಲೇ ಶುರು ಮಾಡೋಣ. ಮಲ್ಪೆಯಲ್ಲಿ ಬೋಟು ಹತ್ತಿಸಿ ಎಷ್ಟು ಬ್ಯಾಚಿನ ಮಕ್ಕಳನ್ನು ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೀರೋ. ಅಲ್ಲಿನ ಕಂಬದಂಥ ಕಲ್ಲುಗಳು ಲಾವಾ ತಣಿಯುವಾಗ ಬಿರಿದು ಆದವು, ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದವು, ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ ಹಳೆಯವು ಎಂದು ನೀವೇ ಪಾಠ ಹೇಳಿರುತ್ತೀರಿ. ಆ ವಯಸ್ಸು ಎಲ್ಲಿಂದ ಸಿಕ್ಕಿತು? ಕಲ್ಲಿನೊಳಗೆ ಸಿಕ್ಕಿಬಿದ್ದ ಆರ್ಗಾನ್ ಅನಿಲದ ಲೆಕ್ಕದಿಂದ.

ಐಸೋಟೋಪ್ ಅಂದರೆ ಒಂದೇ ಮನೆಯ ಅಣ್ಣತಮ್ಮಂದಿರು ಅಂದುಕೊಳ್ಳಿ. ಹೆಸರು ಒಂದೇ, ತೂಕ ಬೇರೆ. ಹೆಸರಿನ ಜೊತೆಗಿನ ಅಂಕಿ ಆ ತೂಕದ್ದು. ಕಲ್ಲಿನಲ್ಲಿರುವ ಪೊಟ್ಯಾಸಿಯಂ-40 ನಿಧಾನಕ್ಕೆ ಸವೆಯುತ್ತದೆ. ಅರ್ಧಕ್ಕೆ ಇಳಿಯಲು 125 ಕೋಟಿ ವರ್ಷ ಬೇಕು. ಸವೆದದ್ದರಲ್ಲಿ ಒಂದು ಪಾಲು ಆರ್ಗಾನ್-40 ಆಗುತ್ತದೆ. ಲಾವಾ ಕುದಿಯುವಾಗ ಹಳೆ ಅನಿಲ ಹಾರಿ ಹೋಗಿರುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಕೂರುತ್ತದೆ. ಅದನ್ನು ಎಣಿಸಿದರೆ ವಯಸ್ಸು.

ಎಣಿಸುವುದೇ ಕಷ್ಟ. ಸಾಸಿವೆಯಷ್ಟು ಚೂರುಗಳನ್ನು ಗಾಳಿಯೇ ಇಲ್ಲದ ಕೊಳವೆಯಲ್ಲಿಟ್ಟು ಹಂತ ಹಂತವಾಗಿ ಕಾಯಿಸುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೂ ಶೇ. 0.93ರಷ್ಟು ಆರ್ಗಾನ್ ಇದೆ. ಕೊಳವೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತಿದ್ದರೂ ಹೊರಗಿನದು ನುಗ್ಗಿ ಲೆಕ್ಕ ಕೆಟ್ಟಿತು. ಹಾಗಾಗಿ ಪಂಪು ಹಗಲು ರಾತ್ರಿ ಓಡುತ್ತಲೇ ಇರಬೇಕು. ನಿಂತರೆ ಇಡೀ ಕೊಳವೆಯನ್ನು ದಿನಗಟ್ಟಲೆ ಬಿಸಿ ಮಾಡಿ ಮತ್ತೆ ಹದಕ್ಕೆ ತರಬೇಕು. ನಮ್ಮ ಮಳೆಗಾಲದ ಆಟಿ ತಿಂಗಳ ಕರೆಂಟಿನ ಕತೆ ನಿಮಗೆ ಗೊತ್ತಲ್ಲ.

ಈಗ ದುಡ್ಡಿನ ವಿಷಯ. ಎಲ್ಲಿ ಅಂತ ಹೇಳುವುದಿಲ್ಲ, ಕೆಲವು ವರ್ಷದ ಹಿಂದೆ ಒಂದು ಪ್ರಯೋಗಾಲಯಕ್ಕೆ ಹೋಗಿದ್ದೆ. ಅನಿಲ ಎಣಿಸುವ ಇಂಥದ್ದೇ ಒಂದು ಯಂತ್ರ ಅಲ್ಲಿತ್ತು. ಮೇಲೆ ಹೂವಿನ ಚಿತ್ರದ ಹಳೆ ಬೆಡ್‌ಶೀಟು ಹೊದಿಸಿದ್ದರು. ಸರಿಸಿ ನೋಡಿದರೆ ಪಂಪಿನ ಮೇಲೆ ಆಯುಧಪೂಜೆಯ ಕುಂಕುಮ ಒಣಗಿ ಕಪ್ಪಾಗಿತ್ತು. ಯಂತ್ರ ಕೊಳ್ಳಲು ಕೋಟಿಗಳು ಬಂದಿದ್ದವು. ಮೂರು ವರ್ಷಕ್ಕೆ ಪ್ರಾಜೆಕ್ಟು ಮುಗಿಯಿತು. ಅದನ್ನು ನಡೆಸುತ್ತಿದ್ದ ಹುಡುಗ ಗುತ್ತಿಗೆಯವನು, ಸಂಬಳ ನಿಂತ ಮೇಲೆ ಇನ್ವರ್ಟರ್ ಕಂಪನಿ ಸೇರಿದ. ರಿಪೇರಿಗೆ ದುಡ್ಡಿಲ್ಲ. ಮಾಷ್ಟ್ರೇ, ನೀವು ಬೈಯುವುದಾದರೆ ಆ ಬೆಡ್‌ಶೀಟಿಗೆ ಬೈಯಿರಿ, ನಾನೂ ದನಿ ಸೇರಿಸುತ್ತೇನೆ. ದೋಣಿ ಕೊಡಿಸಿ ಡೀಸೆಲ್ ಕೊಡದಿದ್ದರೆ ಮೀನು ಬರುತ್ತದಾ?

ಇನ್ನು, ಪಾತಾಳದ ಗಾಳಿಗೆ ಅಂತ ಸರಕಾರ ಬೇರೆ ಚೀಲ ಇಟ್ಟಿಲ್ಲ. ಎಲ್ಲ ವಿಜ್ಞಾನ, ತಂತ್ರಜ್ಞಾನದ ಸಂಶೋಧನೆ ಸೇರಿ ದೇಶ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ. 0.64ರಷ್ಟು, ಇದು 2020–21ರ ಲೆಕ್ಕ. ಭೂವಿಜ್ಞಾನ ಸಚಿವಾಲಯದ 'ಪೃಥ್ವಿ' ಯೋಜನೆಗೆ 2021ರಿಂದ 26ರವರೆಗೆ 4,797 ಕೋಟಿ ರೂಪಾಯಿ. ಕೇಳಲು ದೊಡ್ಡದು. ಆದರೆ ಹವಾಮಾನ, ಕಡಲು, ಧ್ರುವ ಪ್ರದೇಶ, ಭೂಕಂಪ ಎಲ್ಲವೂ ಅದರಲ್ಲೇ ಉಣ್ಣಬೇಕು. ನಿಮ್ಮ ಮೊಬೈಲಿಗೆ ಬರುವ ಚಂಡಮಾರುತದ ಸುದ್ದಿಯ ಹಿಂದೆಯೂ ಇದೇ ಸಚಿವಾಲಯ ಇದೆ. ಅಮೆರಿಕದಲ್ಲಿ ಸ್ಲೋನ್ ಪ್ರತಿಷ್ಠಾನ ಎಂಬ ಖಾಸಗಿ ಸಂಸ್ಥೆ 2009ರಿಂದ ಹತ್ತು ವರ್ಷ ಭೂಗರ್ಭದ ಇಂಗಾಲದ ಅಧ್ಯಯನಕ್ಕೆ 5 ಕೋಟಿ ಡಾಲರ್ ಕೊಟ್ಟಿತು. ನನಗೆ ಹಿಡಿಸಿದ್ದು ಆ ಮೊತ್ತಕ್ಕಿಂತ 'ಹತ್ತು ವರ್ಷ' ಎಂಬ ಮಾತು. ನಮ್ಮಲ್ಲೂ ದೇವಸ್ಥಾನದ ಬ್ರಹ್ಮಕಲಶಕ್ಕೆ ಕೊಡುವ ಕೈಗಳಿವೆ. ಒಂದು ಪಂಪಿನ ಖರ್ಚು ನೋಡಿಕೊಳ್ಳುತ್ತೇವೆ ಅಂದವರನ್ನು ನಾನಿನ್ನೂ ಕಂಡಿಲ್ಲ.

ಹೊಟ್ಟೆಯ ಪ್ರಶ್ನೆಗೂ ಉತ್ತರ ಇದೆ. ಮಂಗಳೂರು, ಮಣಿಪಾಲದಲ್ಲಿ ಎಂ.ಆರ್.ಐ. ಮಾಡಿಸಿದವರು ನಮ್ಮಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಅದರ ಅಯಸ್ಕಾಂತ ತಣ್ಣಗಿರಲು ದ್ರವ ಹೀಲಿಯಂ ಬೇಕು. ನಮಗೆ ಬೇಕಾದ ಹೀಲಿಯಂ ಹೆಚ್ಚುಕಮ್ಮಿ ಪೂರ್ತಿ ಹೊರಗಿಂದ ಬರುತ್ತದೆ. ಹಿಂದೆಲ್ಲ ಎಣ್ಣೆ, ಗ್ಯಾಸು ಹುಡುಕಿ ಕೊರೆಯುವಾಗ ಇದು ಆಕಸ್ಮಿಕವಾಗಿ ಸಿಗುತ್ತಿತ್ತು. 2016ರಲ್ಲಿ ಆಕ್ಸ್‌ಫರ್ಡ್, ಡರ್ಹಾಂ ವಿಶ್ವವಿದ್ಯಾಲಯಗಳ ಸಂಶೋಧಕರು ಟಾಂಜಾನಿಯಾದ ರುಕ್ವಾ ಕಣಿವೆಯಲ್ಲಿ ದೊಡ್ಡ ಹೀಲಿಯಂ ನಿಕ್ಷೇಪ ಇದೆ ಎಂದು ಹುಡುಕಿಯೇ ತೋರಿಸಿದರು. ಸಹಾಯಕ್ಕೆ ಬಂದದ್ದು ಇದೇ ಅನಿಲಗಳ ವಿದ್ಯೆ.

ಆದರೆ ಇದನ್ನು ಮುಂದಿಟ್ಟು ವಾದ ಗೆಲ್ಲಲು ನನಗೆ ಸ್ವಲ್ಪ ಸಂಕೋಚ. ಈ ಕೆಲಸ ಶುರು ಮಾಡಿದವರ ತಲೆಯಲ್ಲಿ ಆಸ್ಪತ್ರೆ ಇರಲಿಲ್ಲ, ಸುಮ್ನೆ ಕುತೂಹಲ ಇತ್ತು. ಹೀಲಿಯಂ-4 ಯುರೇನಿಯಂ, ಥೋರಿಯಂ ಸವೆದು ಇವತ್ತಿಗೂ ಹುಟ್ಟುತ್ತಿದೆ. ಹೀಲಿಯಂ-3 ಬಹುಪಾಲು ಭೂಮಿ ಹುಟ್ಟುವಾಗಲೇ ಸೇರಿಕೊಂಡದ್ದು. ಗಾಳಿಯಲ್ಲಿ ಸುಮಾರು ಏಳು ಲಕ್ಷ ಹೀಲಿಯಂ-4ಕ್ಕೆ ಒಂದೇ ಒಂದು ಹೀಲಿಯಂ-3. ನಡುಗಡಲಿನ ತಳದಲ್ಲಿ ಉಕ್ಕುವ ಲಾವಾದಲ್ಲಿ ಹೀಲಿಯಂ-3ರ ಈ ಪ್ರಮಾಣ ಗಾಳಿಯದರ ಎಂಟು ಪಟ್ಟು. ಹವಾಯಿ, ಐಸ್‌ಲ್ಯಾಂಡಿನ ಕೆಲವು ಕಲ್ಲುಗಳಲ್ಲಿ ಮೂವತ್ತು ಪಟ್ಟಿಗೂ ಜಾಸ್ತಿ. ಅಂದರೆ 450 ಕೋಟಿ ವರ್ಷ ಕಲಕಿದರೂ ಪೂರ್ತಿ ಬೆರೆಯದ ಏನೋ ಒಂದು ಕೆಳಗೆ ಉಳಿದಿದೆ. ಮನುಷ್ಯ ಕೊರೆದ ಅತಿ ಆಳದ ತೂತು, ರಷ್ಯಾದ ಕೋಲಾದ್ದು, 12 ಕಿಲೋಮೀಟರ್ ಚಿಲ್ಲರೆ. ಭೂಮಿಯ ನಡುವಿಗೆ 6,371 ಕಿಲೋಮೀಟರ್. ಕೈಗೆ ಸಿಗದ ಕಡೆಯಿಂದ ಬರುವ ಕಾಗದ ಈ ಅನಿಲಗಳು. ಓದಬಾರದಾ?

ಕೊನೆಗೆ ನಿಮ್ಮ ಬಾವಿ. ಇದು ಬೇರೆ ವಿಷಯ ಅಲ್ಲವೇ ಅಲ್ಲ ಮಾರಾಯ್ರೇ. ಕಡಲ ನೀರಿನಲ್ಲಿ ಭಾರದ ಆಕ್ಸಿಜನ್-18 ನಮ್ಮ ಮಳೆನೀರಿಗಿಂತ ಸ್ವಲ್ಪ ಜಾಸ್ತಿ. ಬಾವಿಯಲ್ಲಿ ಉಪ್ಪಿನ ಜೊತೆ ಅದೂ ಏರಿದ್ದರೆ ಕಡಲು ಒಳಬಂದಿರುವ ಸಾಧ್ಯತೆ ಹೆಚ್ಚು. ಮಣ್ಣಿನ ಹಳೆ ಉಪ್ಪು ಕರಗಿದ್ದಾದರೆ ಉಪ್ಪು ಮಾತ್ರ ಏರುತ್ತದೆ. ಯಂತ್ರ ಬೇರೆ, ತತ್ವ ಅದೇ. ಬೆಡ್‌ಶೀಟು ಹೊದೆಸಿದ ಆ ಲ್ಯಾಬಿನಂಥ ಕಡೆ ಕಲಿತ ಹುಡುಗರೇ ಇದನ್ನೂ ಅಳೆಯುವವರು.

ಒಂದು ಕೆಲಸ ಮಾಡಿ. ಮಳೆ ನಿಂತ ಮೇಲೆ ಒಂದು ಬಾಟಲಿ, ಏಪ್ರಿಲಿನಲ್ಲಿ ಇನ್ನೊಂದು ಬಾಟಲಿ ಬಾವಿ ನೀರು ತೆಗೆದಿಡಿ. ಕಂಠದವರೆಗೆ ತುಂಬಿಸಿ, ಒಂದು ಗುಳ್ಳೆಯೂ ಉಳಿಯದ ಹಾಗೆ ಮುಚ್ಚಳ ಬಿಗಿಮಾಡಿ. ಜಾಗ ಇದ್ದರೆ ನೀರು ಆವಿಯಾಗಿ ಲೆಕ್ಕ ತಪ್ಪುತ್ತದೆ. ಮೇಲೆ ತಾರೀಕು ಬರೆಯಿರಿ. ಉಡುಪಿ ಕಡೆ ಬಂದಾಗ ಕಚೇರಿಗೆ ತಂದು ಕೊಡಿ, ಅಳೆದು ಕೊಡುವವರನ್ನು ಹುಡುಕುವುದು ನನ್ನ ಜವಾಬ್ದಾರಿ.

— ಸಂಪಾದಕ